ಡಾಕ್ಟರ್ ಹೋವರ್ಡ್ ಕೆಲ್ಲಿಯವರ ಜೀವಿತ

ಒಂದು ಲೋಟ ಹಾಲಿನಿಂದ ವೈದ್ಯನ ಲೆಕ್ಕ ತೀರಿತೆಂಬ ಕಥೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಹಸಿದ ಬಡ ಹುಡುಗನೊಬ್ಬನು ಮನೆಮನೆಗೆ ಸಾಮಾನು ಮಾರುತ್ತಾ ಹೋಗಿ ಒಂದು ಬಾಗಿಲಲ್ಲಿ ನೀರು ಬೇಡಲಾಗಿ, ಅಲ್ಲಿದ್ದ ಹುಡುಗಿಯು ಅವನಿಗೆ ಹಾಲು ಕೊಟ್ಟಳೆಂದೂ, ಅವನೇ ಮುಂದೆ ದೊಡ್ಡ ವೈದ್ಯನಾಗಿ, ರೋಗಿಯಾಗಿ ಬಂದ ಅವಳಿಂದ ಹಣವನ್ನು ತೆಗೆದುಕೊಳ್ಳದೆ ಆ ಹಾಲಿಗೆ ಸರಿಹೋಯಿತೆಂದು ಬರೆದನೆಂದೂ ಆ ಕಥೆಯು ಹೇಳುತ್ತದೆ. ಆ ವೈದ್ಯರು ಕಲ್ಪಿತ ಪುರುಷರಲ್ಲ. ಅಮೇರಿಕಾ ದೇಶದ ಬಾಲ್ಟಿಮೋರ್ ಪಟ್ಟಣದಲ್ಲಿ ಬಹುಕಾಲ ಸ್ತ್ರೀರೋಗಗಳ ಚಿಕಿತ್ಸೆಯನ್ನು ನಡಿಸಿದ ಹೋವರ್ಡ್ ಕೆಲ್ಲಿಯವರೇ ಅವರು. ಆದರೆ ಕಥೆಯು ಬಾಯಿಂದ ಬಾಯಿಗೆ ದಾಟುತ್ತಾ ಹೊಸ ಬಣ್ಣವನ್ನು ಪಡೆದಿದೆ. ಕೆಲ್ಲಿಯವರು ಬಡ ಹುಡುಗರಾಗಿರಲಿಲ್ಲ, ಹಸಿದು ಸಾಮಾನು ಮಾರಿದವರೂ ಅಲ್ಲ. ಅವರ ಚರಿತ್ರೆಯನ್ನು ಬರೆದವರು ತಿಳಿಸುವಂತೆ, ಪೆನ್ಸಿಲ್ವೇನಿಯಾ ಸೀಮೆಯಲ್ಲಿ ಸಂತೋಷಕ್ಕಾಗಿ ಕಾಲ್ನಡೆಯಾಗಿ ಸಂಚರಿಸುತ್ತಿರುವಾಗ ಒಂದು ಹೊಲಮನೆಯಲ್ಲಿ ಅವರಿಗೆ ನೀರಿಗೆ ಬದಲಾಗಿ ಹಾಲು ದೊರೆಯಿತು. ಉಳಿದದ್ದು ಕೇಳಿಬಂದಂತೆಯೇ ನಡೆಯಿತು.

ಈ ಕಥೆಯು ಒಳ್ಳೆಯದೇ. ಆದರೂ ಅದರ ನಿಮಿತ್ತ ಅವರ ನಿಜವಾದ ಕೆಲಸವು ಮರೆತುಹೋಗಿರುವದು ನಮಗೆ ಸರಿಯಾಗಿ ಕಾಣುವದಿಲ್ಲ. ಸ್ತ್ರೀಯರು ನಾಚಿಕೆಯಿಂದ ಮುಚ್ಚಿಡುವ ಒಂದು ರೋಗವೂ ಆ ರೋಗವು ಸದ್ದಿಲ್ಲದೆ ಕೆಡಿಸುವ ಒಂದು ಅಂಗವೂ ಇವೆ. ಆ ಮರೆಯಾದ ದಾರಿಯೊಳಗೆ ಕಣ್ಣಿಟ್ಟು ನೋಡುವ ಉಪಾಯವನ್ನು ಕೆಲ್ಲಿಯವರು ಕಂಡುಕೊಂಡರು. ಅದನ್ನು ಹೇಳುವದಕ್ಕೋಸ್ಕರವೇ ಅವರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಮೊದಲು ರೋಗದ ಸಂಗತಿಯನ್ನು ಹೇಳಬೇಕು. ಹಲವು ಹೆರಿಗೆಗಳಾದ ಸ್ತ್ರೀಯರಲ್ಲಿಯೂ, ಹೆತ್ತ ಕೆಲವೇ ದಿನಗಳಲ್ಲಿ ನೀರಿನ ಕೊಡವನ್ನೂ ಸೌದೆಯ ಹೊರೆಯನ್ನೂ ಹೊತ್ತವರಲ್ಲಿಯೂ, ಮುಟ್ಟು ನಿಂತ ವೃದ್ಧೆಯರಲ್ಲಿಯೂ ಗರ್ಭಾಶಯವನ್ನು ಹಿಡಿದು ನಿಲ್ಲಿಸುವ ಕಟ್ಟುಗಳು ಸಡಿಲವಾಗಿ, ಗರ್ಭಾಶಯವು ಕೆಳಗೆ ಜಾರುತ್ತದೆ. ಮೊದಲು ಭಾರವಾದಂತೆ ತೋರುತ್ತದೆ. ಕೆಲವರಲ್ಲಿ ವರುಷಗಳು ಕಳೆದ ಮೇಲೆ ಪೂರ್ತಿಯಾಗಿ ಹೊರಗೆ ಬರುತ್ತದೆ. ಇದನ್ನು ಗಂಡನಿಗೂ ಹೇಳದೆ, ಮಗಳಿಗೂ ಹೇಳದೆ, ಬಟ್ಟೆ ಕಟ್ಟಿಕೊಂಡು ಹೊಲದ ಕೆಲಸವನ್ನು ಮಾಡುವ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು?

ಗರ್ಭಾಶಯವು ತಾನೊಂದೇ ಇಳಿಯುವದಿಲ್ಲವೆಂಬುದನ್ನು ಅವರು ಅರಿಯರು. ಮನುಷ್ಯನ ಬೆನ್ನಿನ ಎರಡು ಕಡೆಗಳಲ್ಲಿ ಎರಡು ಮೂತ್ರಪಿಂಡಗಳಿವೆ. ಒಂದೊಂದರಿಂದ ಗೇಣಿಗಿಂತ ತುಸು ಉದ್ದವಾದ ಸಣ್ಣ ನಾಳವೊಂದು ಇಳಿದು ಬಂದು ಮೂತ್ರಾಶಯವನ್ನು ಸೇರುತ್ತದೆ. ಸೇರುವದಕ್ಕೆ ಮುಂಚೆ ಈ ನಾಳಗಳು ಗರ್ಭಾಶಯದ ಕೊರಳಿನ ಎರಡು ಪಕ್ಕಗಳಲ್ಲಿ, ಬೆರಳಗಲದಷ್ಟೇ ದೂರದಲ್ಲಿ ಹಾದುಹೋಗುತ್ತವೆ. ಹೀಗಿರಲಾಗಿ ಗರ್ಭಾಶಯವು ಹೊರಗೆ ಜಾರುವಾಗ ಮೂತ್ರಾಶಯದ ತಳವನ್ನೂ ಈ ನಾಳಗಳ ತುದಿಗಳನ್ನೂ ತನ್ನ ಸಂಗಡ ಎಳೆದುಕೊಂಡು ಹೋಗುತ್ತದೆ. ನಾಳಗಳು ಬಾಗಿ, ಇಕ್ಕಟ್ಟಾದ ಸ್ಥಳದಲ್ಲಿ ಒತ್ತಲ್ಪಟ್ಟು, ಒಳಗಿನ ಹರಿವು ತಡೆಯುತ್ತದೆ. ಕಾಲುವೆಯು ಹೂಳಿನಿಂದ ತುಂಬಿದರೆ ನೀರು ಮೇಲಿನ ಗದ್ದೆಯಲ್ಲಿ ನಿಂತು ಪೈರನ್ನು ಕೊಳೆಸುತ್ತದಷ್ಟೆ. ಅದರಂತೆಯೇ ಮೂತ್ರವು ಹಿಂದಕ್ಕೆ ನಿಂತು ಮೂತ್ರಪಿಂಡದ ಒಳಭಾಗವನ್ನು ಉಬ್ಬಿಸಿ, ಅದರ ತಿರುಳನ್ನು ಒತ್ತಿ ಒತ್ತಿ ತೆಳ್ಳಗೆ ಮಾಡುತ್ತದೆ. ಕಲ್ಲು ಸಿಕ್ಕಿಕೊಂಡಾಗ ಉಂಟಾಗುವಂಥ ಘೋರ ನೋವು ಇಲ್ಲಿ ಸಾಮಾನ್ಯವಾಗಿ ಇರುವದಿಲ್ಲ. ತಡೆಯು ಮೆಲ್ಲಮೆಲ್ಲನೆ ಬರುವದರಿಂದ ಅಂಗವು ಮೌನವಾಗಿಯೇ ಸಾಯುತ್ತದೆ. ಕಡೆಗೆ ಊಟ ಸೇರದೆ, ವಾಂತಿಯಾಗಿ, ಕಾಲು ಮುಖಗಳು ಬಾತು ವೈದ್ಯನ ಬಳಿಗೆ ಬಂದಾಗ, ಎಷ್ಟೋ ಸಾರಿ ಎರಡು ಪಿಂಡಗಳೂ ಕೆಟ್ಟಿರುತ್ತವೆ.

ಗರ್ಭಾಶಯ ಜಾರಿದವರೆಲ್ಲರಿಗೆ ಹೀಗಾಗುವದಿಲ್ಲ. ಸ್ವಲ್ಪ ಮಾತ್ರ ಇಳಿದಿರುವವರಲ್ಲಿ ಇದು ಅಪರೂಪ; ಪೂರ್ಣವಾಗಿ ಹೊರಬಿದ್ದವರಲ್ಲಿಯೂ ಬಹುಕಾಲ ಹಾಗೆಯೇ ಬಿಟ್ಟವರಲ್ಲಿಯೂ ಹೆಚ್ಚು. ಹಿಂದಿನ ಕಾಲದ ವೈದ್ಯರು ಇದನ್ನು ಅರಿಯುತ್ತಿದ್ದದ್ದು ಸತ್ತ ದೇಹವನ್ನು ಕೊಯ್ದು ನೋಡಿದಾಗಲೇ. ೧೮೪೬ರಲ್ಲಿ ಬರ್ಲಿನ್ ಪಟ್ಟಣದ ವಿರ್ಕೋ ಎಂಬ ಪ್ರಸಿದ್ಧ ಪಂಡಿತರು ಇಂಥ ಸಂಗತಿಯನ್ನು ವರ್ಣಿಸಿದ್ದರು. ಆದರೆ ಬದುಕಿರುವ ಸ್ತ್ರೀಯಲ್ಲಿ ಅದನ್ನು ಕಾಣುವದು ಹೇಗೆ? ಅದಕ್ಕೆ ಆಗ ದಾರಿ ಇರಲಿಲ್ಲ.

ಈಗ ಕೆಲ್ಲಿಯವರ ಕಡೆಗೆ ತಿರುಗೋಣ. ಇವರು ೧೮೫೮ನೇ ಇಸವಿಯ ಫೆಬ್ರವರಿ ೨೦ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಕ್ಯಾಮ್ಡನ್ ಎಂಬ ಊರಲ್ಲಿ ಹುಟ್ಟಿದರು. ತಂದೆಯು ಸಕ್ಕರೆಯ ವ್ಯಾಪಾರಸ್ಥರು. ತಾಯಿಯು ಭಕ್ತೆ, ಮಗನಿಗೆ ಸತ್ಯವೇದವನ್ನು ಕಲಿಸಿದ ಹಾಗೆಯೇ ಗಿಡ, ಹುಳ, ಹಕ್ಕಿಗಳನ್ನು ಗಮನಿಸುವದನ್ನೂ ಕಲಿಸಿದರು. ಹುಡುಗನಿಗೆ ಪ್ರಾಣಿಶಾಸ್ತ್ರಜ್ಞನಾಗಬೇಕೆಂಬ ಆಸೆ ಬಲವಾಗಿತ್ತು. ಆದರೆ ಆ ವಿದ್ಯೆಯಿಂದ ಜೀವನ ನಡೆಯದೆಂದು ತಂದೆಯು ತಿಳಿಸಿದ್ದರಿಂದ ವೈದ್ಯವಿದ್ಯೆಯನ್ನು ಹಿಡಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗ ನಿದ್ರೆ ಕೆಟ್ಟು ಆರೋಗ್ಯ ಕುಗ್ಗಲು, ಸುಮಾರು ಒಂದು ವರುಷ ಕೊಲೊರಾಡೋ ಸೀಮೆಗೆ ಹೋಗಿ ಕುದುರೆಯ ಮೇಲೆ ದನಗಾಹಿಗಳ ಸಂಗಡ ಅಲೆದರು. ತಿರಿಗಿ ಬಂದು ೧೮೮೨ರಲ್ಲಿ ವೈದ್ಯ ಪದವಿಯನ್ನು ಪಡೆದರು.

ಅವರು ತಮ್ಮ ಕೆಲಸಕ್ಕೆ ಆರಿಸಿಕೊಂಡ ಸ್ಥಳವನ್ನು ನೋಡಿರಿ. ಫಿಲಡೆಲ್ಫಿಯ ಪಟ್ಟಣದಲ್ಲಿ ಕೆನ್ಸಿಂಗ್ಟನ್ ಎಂಬುದು ಆಗ ಬಟ್ಟೆಯ ಗಿರಣಿಗಳ ಕೇರಿ, ಕೂಲಿಕಾರರ ನಿವಾಸವಾಗಿತ್ತು. ಧನಿಕರ ಬೀದಿಯಲ್ಲಿ ಬಾಗಿಲು ತೆರೆಯಬಲ್ಲವರಾಗಿದ್ದರೂ ಇವರು ಆ ಕೇರಿಯಲ್ಲಿಯೇ ನೆಲಸಿ, ಬಡ ಸ್ತ್ರೀಯರಿಗಾಗಿ ಒಂದು ಚಿಕ್ಕ ಆಸ್ಪತ್ರೆಯನ್ನು ಸ್ಥಾಪಿಸಿದರು. ಅದೇ ಕೆನ್ಸಿಂಗ್ಟನ್ ಸ್ತ್ರೀಯರ ಆಸ್ಪತ್ರೆಯಾಗಿ ಬೆಳೆಯಿತು. ೧೮೮೮ರಲ್ಲಿ ಅವರು ಹೊಟ್ಟೆಯನ್ನು ಕೊಯ್ದು ಒಂದು ಹೆರಿಗೆಯನ್ನು ಮಾಡಿಸಿದರು. ಆ ಪಟ್ಟಣದಲ್ಲಿ ಇಂಥ ಶಸ್ತ್ರಚಿಕಿತ್ಸೆಯಿಂದ ತಾಯಿಯು ಬದುಕಿದ್ದು ೫೦ ವರುಷಗಳಲ್ಲಿ ಅದೇ ಮೊದಲು.

ಗರ್ಭಾಶಯವು ಸ್ಥಾನ ತಪ್ಪಿದವರಿಗಾಗಿ ಅದನ್ನು ಹೊಟ್ಟೆಯ ಮುಂಗೋಡೆಗೆ ಹೊಲಿದು ಎತ್ತಿ ನಿಲ್ಲಿಸುವ ಚಿಕಿತ್ಸೆಯನ್ನು ಕುರಿತು ಕೆಲ್ಲಿಯವರು ೧೮೮೭ರಲ್ಲಿ ಬರೆದರು. ಇಲ್ಲಿ ನಾವು ನಿಂತು ಒಂದು ಮಾತು ಹೇಳಬೇಕಾಗಿದೆ. ಹಿಂದಕ್ಕೆ ಬಾಗಿದ ಗರ್ಭಾಶಯವೆಲ್ಲಾ ರೋಗವೇ ಎಂದು ಆ ಕಾಲದ ವೈದ್ಯರು ಎಣಿಸಿ, ಬೆನ್ನುನೋವೆಂದು ಬಂದ ಅನೇಕರಿಗೆ ಈ ಹೊಲಿಗೆಯನ್ನು ಹಾಕಿದರು. ಅಂಥ ಬಾಗುವಿಕೆಯು ಬಹುಮಟ್ಟಿಗೆ ನಿರಪಾಯವೆಂದು ಮುಂದಿನವರು ಕಂಡುಕೊಂಡರು. ಅಲ್ಲಾಡುವ ಮೂತ್ರಪಿಂಡವನ್ನು ಹೊಲಿದು ಬಿಗಿಯುವ ಚಿಕಿತ್ಸೆಯೂ ಹೀಗೆಯೇ ಅಳತೆ ಮೀರಿ ನಡೆಯಿತು. ಈ ಅತಿಶಯದಲ್ಲಿ ಕೆಲ್ಲಿಯವರಿಗೂ ಪಾಲಿತ್ತು. ದೊಡ್ಡವರ ಚರಿತ್ರೆಯನ್ನು ಬರೆಯುವವರು ಇಂಥದನ್ನು ಬಿಟ್ಟುಬಿಡುವದುಂಟು; ನಾವು ಬಿಡಲಾರೆವು.

೧೮೮೯ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಎಂಬ ಹೊಸ ಆಸ್ಪತ್ರೆಯು ತೆರೆಯಲ್ಪಟ್ಟಿತು. ಪ್ರಸಿದ್ಧ ವೈದ್ಯರಾದ ಆಸ್ಲರ್ ಅವರ ಶಿಫಾರಸಿನಿಂದ ಕೆಲ್ಲಿಯವರು ೩೧ನೆಯ ವಯಸ್ಸಿನಲ್ಲಿ ಅಲ್ಲಿನ ಸ್ತ್ರೀರೋಗ ವಿಭಾಗದ ಮುಖ್ಯಸ್ಥರಾದರು. ವೆಲ್ಚ್, ಆಸ್ಲರ್, ಹಾಲ್‌ಸ್ಟೆಡ್, ಕೆಲ್ಲಿ ಎಂಬ ಈ ನಾಲ್ವರ ಚಿತ್ರವನ್ನು ಸಾರ್ಜೆಂಟ್ ಎಂಬ ಚಿತ್ರಗಾರರು ಬರೆದಿದ್ದಾರೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವರು ಕೆಲ್ಲಿ. ಅದೇ ವರುಷ ಜರ್ಮನ್ ಪಟ್ಟಣವಾಗಿದ್ದ ಡಾನ್‌ಜಿಗಿನ ಲೆಟಿಶಿಯಾ ಬ್ರೆಡೋ ಎಂಬವರನ್ನು ಮದುವೆಯಾದರು. ಇವರಿಗೆ ೯ ಮಂದಿ ಮಕ್ಕಳು.

ಆ ದಿನಗಳಲ್ಲಿ ಮೂತ್ರಪಿಂಡದ ಚಿಕಿತ್ಸೆಯು ಕತ್ತಲೆಯಲ್ಲಿ ನಡೆಯುವಂಥದು. ೧೮೬೯ರಲ್ಲಿ ಹೈಡೆಲ್‌ಬರ್ಗಿನ ಗುಸ್ತಾವ್ ಸೀಮೋನ್ ಎಂಬವರು ಒಬ್ಬ ಸ್ತ್ರೀಯ ಒಂದು ಮೂತ್ರಪಿಂಡವನ್ನು ತೆಗೆದು, ಮನುಷ್ಯನು ಒಂದರಿಂದಲೇ ಬದುಕಬಹುದೆಂದು ತೋರಿಸಿದ್ದರು. ಆದರೆ ಎರಡರಲ್ಲಿ ರೋಗಿ ಯಾವುದು, ಉಳಿಯುವದು ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ತಿಳಿಯುವದು ಬಹು ಕಷ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವ ಭಯ ಇದ್ದೇ ಇತ್ತು. ಎಮ್ಮೆಯಾದರೆ ಬರೆಯಿಂದ ಸಾಯುವದಿಲ್ಲ. ಇಲ್ಲಿ ತಪ್ಪಿದರೆ ರೋಗಿಯು ಸಾಯುತ್ತಿದ್ದಳು. ನಿಟ್ಸೆ ಎಂಬ ಜರ್ಮನ್ ವೈದ್ಯರು ದೀಪವನ್ನೂ ಗಾಜುಗಳನ್ನೂ ಹೊಂದಿದ ಮೂತ್ರಾಶಯ ದರ್ಶಕವನ್ನು ನಿರ್ಮಿಸಿದ್ದರು. ಪ್ರಾಗ್ ಪಟ್ಟಣದ ಪಾವ್ಲಿಕ್ ಎಂಬವರು ಕಣ್ಣಿನಿಂದ ನೋಡದೆ, ಬೆರಳಿನ ಸ್ಪರ್ಶಜ್ಞಾನದಿಂದಲೇ ಸ್ತ್ರೀಯರ ಮೂತ್ರನಾಳದೊಳಗೆ ಸಣ್ಣ ಕೊಳವೆಯನ್ನು ಸೇರಿಸುತ್ತಿದ್ದರು. ಆ ಕೈಚಳಕವು ಎಲ್ಲರಿಗೂ ಬರುವಂಥದಲ್ಲ.

ಕೆಲ್ಲಿಯವರು ೧೮೯೩ರಲ್ಲಿ ಪ್ರಕಟಿಸಿದ ಉಪಾಯವು ಆಶ್ಚರ್ಯಪಡುವಷ್ಟು ಸರಳವಾಗಿದೆ. ಸ್ತ್ರೀಯರ ಮೂತ್ರದ್ವಾರದ ದಾರಿಯು ಎರಡಂಗುಲಕ್ಕಿಂತ ಹೆಚ್ಚಿಲ್ಲ. ರೋಗಿಯನ್ನು ಮೊಣಕಾಲೂರಿ, ಎದೆಯನ್ನು ಹಾಸಿಗೆಗೆ ತಗಲಿಸಿ, ಸೊಂಟವು ಮೇಲಾಗುವಂತೆ ಬಾಗಿಸುತ್ತಿದ್ದರು. ಆಗ ಹೊಟ್ಟೆಯೊಳಗಿನ ಅಂಗಗಳು ಮುಂದಕ್ಕೆ ಸರಿಯುತ್ತವೆ. ಒಂದು ಸಾಧಾರಣವಾದ ಲೋಹದ ಕೊಳವೆಯನ್ನು ಸೇರಿಸಿ ಅದರೊಳಗಿನ ಮುಚ್ಚಳದ ಕಡ್ಡಿಯನ್ನು ತೆಗೆದ ಕೂಡಲೇ ಗಾಳಿಯು ತಾನಾಗಿ ಒಳಕ್ಕೆ ನುಗ್ಗಿ ಮೂತ್ರಾಶಯವನ್ನು ಅರಳಿಸುತ್ತದೆ. ಗಾಜು ಇಲ್ಲ, ನೀರು ತುಂಬುವದಿಲ್ಲ. ವೈದ್ಯನು ತನ್ನ ಹಣೆಯ ಮೇಲೆ ಕಟ್ಟಿಕೊಂಡ ಕನ್ನಡಿಯಿಂದ ದೀಪದ ಬೆಳಕನ್ನು ಕೊಳವೆಯೊಳಗೆ ಬೀಳಿಸಿ ಒಳಗೋಡೆಯನ್ನು ನೇರವಾಗಿ ನೋಡುತ್ತಾನೆ. ಎರಡು ಕಡೆಗಳಲ್ಲಿ ಸಣ್ಣ ಸೀಳುಗಳಂತೆ ನಾಳಗಳ ಬಾಯಿಗಳು ತೋರುತ್ತವೆ, ಆಗಾಗ್ಗೆ ಅವುಗಳಿಂದ ಮೂತ್ರವು ಚಿಮ್ಮುತ್ತದೆ. ಕಣ್ಣಾರೆ ನೋಡುತ್ತಾ ಆ ಬಾಯಿಯೊಳಗೆ ತೆಳುವಾದ ನಳಿಗೆಯನ್ನು ಮೇಲಕ್ಕೆ ಏರಿಸಬಹುದಾಯಿತು.

ಇದರಿಂದ ಏನಾಯಿತು? ಬಲ ಪಿಂಡದ ಮೂತ್ರವನ್ನು ಬೇರೆ, ಎಡ ಪಿಂಡದ್ದನ್ನು ಬೇರೆ ಹಿಡಿದು ಪರೀಕ್ಷಿಸಬಹುದಾಯಿತು. ನಳಿಗೆಯು ಎಲ್ಲಿ ನಿಲ್ಲುವದೋ ಅಲ್ಲಿ ತಡೆ ಇದೆಯೆಂದು ಗೊತ್ತಾಯಿತು. ತಡೆಯನ್ನು ದಾಟಿದರೆ, ಹಿಂದೆ ಕಟ್ಟಿ ನಿಂತಿದ್ದ ಮೂತ್ರವು ಇಳಿದು ಬಂದು ಪಿಂಡವು ಎಷ್ಟು ಉಬ್ಬಿತ್ತೆಂಬುದನ್ನು ತಿಳಿಸಿತು. ಕಲ್ಲು ಇದೆಯೋ ಎಂದು ಅರಿಯುವದಕ್ಕೆ ಅವರು ನಳಿಗೆಯ ತುದಿಗೆ ಮೇಣವನ್ನು ಬಳಿದು ಏರಿಸುತ್ತಿದ್ದರು. ಹೊರಗೆ ತೆಗೆದಾಗ ಮೇಣದ ಮೇಲೆ ಗೀರು ಬಿದ್ದಿದ್ದರೆ ಒಳಗೆ ಕಲ್ಲಿದೆಯೆಂದು ಅರ್ಥ. ನಮ್ಮ ಅಕ್ಕಸಾಲಿಗರಿಗೆ ಈ ಯುಕ್ತಿಯು ಬಹಳ ಹಿಡಿಸುವದೆಂದು ನೆನಸುತ್ತೇವೆ. ಗರ್ಭಾಶಯವನ್ನು ಕೊಯ್ದು ತೆಗೆಯುವಾಗ ನಾಳವು ಕತ್ತರಿಗೆ ಸಿಕ್ಕಿ ಹೋಗುವದು ವೈದ್ಯರ ದೊಡ್ಡ ಭಯವಾಗಿತ್ತು. ಮುಂಚಿತವಾಗಿ ನಳಿಗೆಯನ್ನು ಇಟ್ಟರೆ ಬೆರಳಿಗೆ ನಾಳವು ತಿಳಿಯುವದರಿಂದ, ಕೆಲ್ಲಿಯವರ ಆಸ್ಪತ್ರೆಯಲ್ಲಿ ಆ ಅಪಾಯವೂ ಕಡಿಮೆಯಾಯಿತು.

ಇದೇ ೧೮೯೩ರಲ್ಲಿ ಅಲ್ಲಿನ ವೈದ್ಯಶಾಲೆಯು ಆರಂಭವಾಗಿ, ಸ್ತ್ರೀಯರನ್ನೂ ಪುರುಷರ ಸಮಾನವಾಗಿ ವಿದ್ಯಾರ್ಥಿಗಳಾಗಿ ಸೇರಿಸಿಕೊಂಡಿತು. ಮರುವರುಷ ಲೈಪ್‌ಜಿಗ್ ಪಟ್ಟಣದಿಂದ ಮಾಕ್ಸ್ ಬ್ರೋಡೆಲ್ ಎಂಬ ಯೌವನಸ್ಥ ಚಿತ್ರಗಾರರು ಬಂದು ಕೆಲ್ಲಿಯವರಿಗೋಸ್ಕರ ಶಸ್ತ್ರಚಿಕಿತ್ಸೆಯ ಚಿತ್ರಗಳನ್ನು ಬರೆಯತೊಡಗಿದರು. ೧೮೯೮ರಲ್ಲಿ ಎರಡು ಸಂಪುಟಗಳಾಗಿ ಹೊರಟ ಕೆಲ್ಲಿಯವರ ಸ್ತ್ರೀರೋಗ ಶಸ್ತ್ರಚಿಕಿತ್ಸೆಯ ಗ್ರಂಥವು ಈ ಚಿತ್ರಗಳಿಂದಲೇ ಲೋಕಪ್ರಸಿದ್ಧವಾಯಿತು. ಬ್ರೋಡೆಲ್ ಅವರು ಬರಿಯ ಚಿತ್ರಗಾರರಾಗಿ ಉಳಿಯಲಿಲ್ಲ. ಮೂತ್ರಪಿಂಡದ ರಕ್ತನಾಳಗಳನ್ನು ಶೋಧಿಸಿ, ಎಲ್ಲಿ ಕೊಯ್ದರೆ ರಕ್ತವು ಕಡಿಮೆ ಸುರಿಯುವದೋ ಆ ರೇಖೆಯನ್ನು ಕಂಡುಹಿಡಿದರು. ಅದಕ್ಕೆ ಈಗಲೂ ಅವರ ಹೆಸರೇ ಇದೆ.

ಕೆಲ್ಲಿಯವರು ೧೯೧೪ರಲ್ಲಿ ಬರ್ನಮ್ ಎಂಬ ಸಹಕಾರಿಯೊಡನೆ ಮೂತ್ರಪಿಂಡ, ನಾಳ, ಮೂತ್ರಾಶಯಗಳ ರೋಗಗಳನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದರು. ಅದೇ ಕಾಲದಲ್ಲಿ, ಹೆತ್ತ ಸ್ತ್ರೀಯರಿಗೆ ಕೆಮ್ಮಿದಾಗ, ಸೀನಿದಾಗ ಮೂತ್ರವು ತೊಟ್ಟಿಕ್ಕುವ ಬಾಧೆಗೆ, ಮೂತ್ರಾಶಯದ ಕೊರಳನ್ನು ಹೊಲಿಗೆಯಿಂದ ಬಿಗಿಮಾಡುವ ಚಿಕಿತ್ಸೆಯನ್ನೂ ಪ್ರಕಟಿಸಿದರು. ಬಹುಕಾಲ ವೈದ್ಯರು ಅದನ್ನು ಅವರ ಹೆಸರಿನಿಂದಲೇ ಕರೆದು ನಡಿಸಿದರು. ಈಗ ಅದಕ್ಕಿಂತ ಬಾಳಿಕೆಯ ಚಿಕಿತ್ಸೆಗಳು ಬಂದಿವೆ. ಆದರೂ ಇಂಥ ಬಾಧೆಯನ್ನು ಹೆಂಗಸಿನ ಹಣೆಬರಹವೆಂದು ತಳ್ಳಿಬಿಡದೆ, ಒಬ್ಬ ದೊಡ್ಡ ಪಂಡಿತನು ಅದಕ್ಕಾಗಿ ಕುಳಿತು ಯೋಚಿಸಿದನೆಂಬುದು ನಮಗೆ ಚಿಕ್ಕ ಸಂಗತಿಯಾಗಿ ತೋರುವದಿಲ್ಲ.

ಅವರು ತೆರೆದ ದಾರಿಯಲ್ಲಿ ಬೇರೆಯವರು ಮುಂದಕ್ಕೆ ನಡೆದರು. ೧೮೯೫ರಲ್ಲಿ ಕ್ಷ-ಕಿರಣಗಳು ಕಂಡುಹಿಡಿಯಲ್ಪಟ್ಟವು. ೧೯೦೬ರಲ್ಲಿ ಜರ್ಮನಿಯ ವೈದ್ಯರಿಬ್ಬರು ಇಂಥ ನಳಿಗೆಯ ಮೂಲಕ ಬೆಳ್ಳಿಯ ದ್ರವವನ್ನು ಮೇಲಕ್ಕೆ ತುಂಬಿ ಮೂತ್ರಪಿಂಡದ ಒಳಗಿನ ಆಕಾರವನ್ನು ಛಾಯಾಚಿತ್ರದಲ್ಲಿ ಹಿಡಿದರು. ೧೯೨೩ರಲ್ಲಿ ನ್ಯೂಯಾರ್ಕಿನ ಬ್ರೆಟೌವರ್ ಮತ್ತು ರೂಬಿನ್ ಎಂಬ ವೈದ್ಯರು, ಗರ್ಭಾಶಯ ಜಾರಿದ ಸ್ತ್ರೀಯರಲ್ಲಿ ನಾಳಗಳೂ ಪಿಂಡಗಳೂ ಉಬ್ಬಿರುವದು ಎಲ್ಲರು ನೆನಸಿದಷ್ಟು ಅಪರೂಪವಲ್ಲವೆಂದು ಪ್ರಕಟಿಸಿದರು. ವಿರ್ಕೋ ಅವರು ಸತ್ತವರಲ್ಲಿ ಕಂಡದ್ದು ಹೀಗೆ ೭೭ ವರುಷಗಳ ತರುವಾಯ ಬದುಕಿರುವವರಲ್ಲಿ, ಇನ್ನೂ ಉಳಿಸಬಹುದಾದ ಕಾಲದಲ್ಲಿಯೇ, ಕಾಣಿಸಿತು.

ಈಗಲಾದರೋ ಕೊಳವೆಯನ್ನೂ ಸೇರಿಸಬೇಕಾಗಿಲ್ಲ. ಹೊಟ್ಟೆಯ ಮೇಲೆ ಇಟ್ಟು ನೋಡುವ ಅಲ್ಟ್ರಾಸೌಂಡ್ ಯಂತ್ರವು ನೋವಿಲ್ಲದೆ ಕೆಲವು ನಿಮಿಷಗಳಲ್ಲಿ ಪಿಂಡಗಳು ಉಬ್ಬಿವೆಯೋ ಇಲ್ಲವೋ ಎಂದು ತೋರಿಸುತ್ತದೆ; ರಕ್ತದಲ್ಲಿ ಕ್ರಿಯಾಟಿನಿನ್ ಎಂಬುದನ್ನು ಅಳೆದರೆ ಅವುಗಳ ಶಕ್ತಿಯು ತಿಳಿಯುತ್ತದೆ. ಜಾರಿದ ಗರ್ಭಾಶಯವನ್ನು ಒಳಕ್ಕೆ ಸೇರಿಸಿ ರಬ್ಬರಿನ ಅಥವಾ ಸಿಲಿಕೋನಿನ ಬಳೆಯನ್ನು ಇಟ್ಟರೆ ಅನೇಕರಲ್ಲಿ ನಾಳದ ತಡೆಯು ಬಿಟ್ಟುಹೋಗುತ್ತದೆ. ಬಳೆಯನ್ನು ಆಗಾಗ್ಗೆ ತೆಗೆದು ತೊಳೆಯಬೇಕು, ಹಾಕಿ ಮರೆಯಬಾರದು. ಬಳೆ ನಿಲ್ಲದವರಿಗೂ ಬೇಡವಾದವರಿಗೂ ಶಸ್ತ್ರಚಿಕಿತ್ಸೆ ಇದೆ. ತಡೆಯು ಬೇಗ ನೀಗಿದರೆ ಪಿಂಡವು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಬಹುಕಾಲ ಒತ್ತಲ್ಪಟ್ಟು ಸವೆದ ತಿರುಳು ಮಾತ್ರ ತಿರಿಗಿ ಬೆಳೆಯುವದಿಲ್ಲ. ಅಂಥವರು ಯಂತ್ರದಿಂದ ರಕ್ತವನ್ನು ಶುದ್ಧಿಮಾಡಿಸಿಕೊಂಡು ಬದುಕಬೇಕಾಗುತ್ತದೆ. ಮೂತ್ರಕ್ಕೆ ಕೂತಾಗ ಜಾರಿದ ಭಾಗವನ್ನು ಕೈಯಿಂದ ಒಳಕ್ಕೆ ತಳ್ಳಬೇಕಾಗುವದು, ಹೋದ ಮೇಲೂ ತುಂಬಿರುವಂತೆ ತೋರುವದು, ಪದೇಪದೇ ಉರಿಮೂತ್ರ ಮತ್ತು ಜ್ವರ, ಮೂತ್ರ ಕಡಿಮೆಯಾಗುವದು, ಕಾಲು ಬಾಯುವದು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಿಗೆ ಹೇಳತಕ್ಕದ್ದು. ಈ ಯಾವ ಗುರುತೂ ಇಲ್ಲದೆ ಗರ್ಭಾಶಯವು ಹೊರಗೆ ಬರುತ್ತಿದ್ದರೂ ಹೇಳತಕ್ಕದ್ದೇ. ಯಾಕಂದರೆ ಮೂತ್ರಪಿಂಡವು ತಾನಾಗಿ ಕೂಗುವದಿಲ್ಲವೆಂದು ಮೇಲೆ ಬರೆದೆವಷ್ಟೆ.

ಕೆಲ್ಲಿಯವರ ಉಳಿದ ಜೀವಿತವನ್ನು ಬೇಗನೆ ಹೇಳಿ ಮುಗಿಸಬಹುದು. ಅವರು ಐಶ್ವರ್ಯವಂತರಿಂದ ದೊಡ್ಡ ಹಣವನ್ನು ತೆಗೆದುಕೊಂಡು, ಬಡವರಿಗೆ ಧರ್ಮವಾಗಿ ಚಿಕಿತ್ಸೆ ಮಾಡುತ್ತಿದ್ದರು. ರೇಡಿಯಂ ಎಂಬ ಅಪೂರ್ವ ಲೋಹದಿಂದ ಗರ್ಭಾಶಯದ ಕ್ಯಾನ್ಸರ್ ರೋಗಕ್ಕೆ ಚಿಕಿತ್ಸೆ ನಡಿಸಿದ ಮೊದಲಿಗರಲ್ಲಿ ಅವರೊಬ್ಬರು. ೧೯೧೩ರಲ್ಲಿ ಆ ಲೋಹವನ್ನು ಸ್ವದೇಶದಲ್ಲಿಯೇ ತೆಗೆಯುವದಕ್ಕೆ ಒಂದು ಸಂಸ್ಥೆಯನ್ನು ಕಟ್ಟುವದರಲ್ಲಿಯೂ ಮುಂದಾದರು. ೧೯೧೯ರಲ್ಲಿ ಹಾಪ್ಕಿನ್ಸ್ ಆಸ್ಪತ್ರೆಯ ಹುದ್ದೆಯನ್ನು ಬಿಟ್ಟು ತಮ್ಮ ಸ್ವಂತ ಆಸ್ಪತ್ರೆಯಲ್ಲಿ ಕೆಲಸವನ್ನು ಮುಂದರಿಸಿದರು. ಮದ್ಯಪಾನಕ್ಕೂ ವೇಶ್ಯಾಗೃಹಗಳಿಗೂ ವಿರೋಧವಾಗಿ ಊರಲ್ಲಿ ಹೋರಾಡಿ ಹಲವರ ಹಗೆತನವನ್ನು ಕಟ್ಟಿಕೊಂಡರು. ೧೯೨೫ರಲ್ಲಿ ವಿಜ್ಞಾನಿಯೊಬ್ಬನು ಸತ್ಯವೇದವನ್ನು ನಂಬುವದು ಹೇಗೆಂಬ ವಿಷಯದಲ್ಲಿ ಒಂದು ಪುಸ್ತಕವನ್ನು ಬರೆದರು.

ಬಾಲ್ಯದ ಆಸೆಯು ಸಾಯಲಿಲ್ಲ. ಮನೆಯಲ್ಲಿ ಜೀವಂತ ಹಾವುಗಳನ್ನು ಸಾಕುತ್ತಿದ್ದರು. ಇದನ್ನು ಅವರ ಪತ್ನಿಯು ಹೇಗೆ ಸಹಿಸಿದರೆಂದು ನಮ್ಮ ವಾಚಕಿಯರು ಕೇಳುವರು; ೯ ಮಂದಿ ಮಕ್ಕಳನ್ನು ಸಾಕಿದವರಿಗೆ ಹಾವು ಅಷ್ಟು ದೊಡ್ಡದಾಗಿ ತೋರಲಿಲ್ಲವೇನೋ. ೧೯೩೬ರಲ್ಲಿ, ತಮ್ಮ ೭೮ನೆಯ ವಯಸ್ಸಿನಲ್ಲಿ, ಮೇರಿಲ್ಯಾಂಡ್ ಸೀಮೆಯ ಹಾವುಗಳನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದರು. ಅಣಬೆಗಳನ್ನು ಕುರಿತು ಕೂಡಿಸಿದ ಗ್ರಂಥಗಳನ್ನೆಲ್ಲಾ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ದಾನ ಮಾಡಿದರು.

೧೯೪೩ನೇ ಇಸವಿಯ ಜನವರಿ ೧೨ರಲ್ಲಿ ಬಾಲ್ಟಿಮೋರಿನಲ್ಲಿ ಅವರು ತೀರಿಹೋದರು. ಆಗ ಅವರಿಗೆ ೮೪ ವರುಷ. ೫೩ ವರುಷಗಳಿಗಿಂತ ಹೆಚ್ಚು ಕಾಲ ಜೊತೆಯಾಗಿ ಬಾಳಿದ ಅವರ ಪತ್ನಿಯೂ ಅದೇ ದಿನ, ಕೆಲವೇ ಗಂಟೆಗಳ ತರುವಾಯ, ಪ್ರಾಣಬಿಟ್ಟರು.